ಉಡುಗೊರೆಯಾಗಿ ಬಂದ ಹಳೇ ಎಚ್‌ಎಂಟಿ: ಅಸಲಿ ಅಂತ ತಿಳಿಯೋದು ಹೇಗೆ, ಬೆಲೆ ಎಷ್ಟು?

ಚೆಟ್ಟಳ್ಳಿಯ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದ ನನ್ನ ದೊಡ್ಡಪ್ಪ, ಹೋದ ಹುತ್ತರಿಗೆ ಊರಿಗೆ ಹೋಗಿದ್ದಾಗ ತಮ್ಮ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟರು. ಎಚ್‌ಎಂಟಿ ಜನತಾ. 1979ರಲ್ಲಿ ಅವರ ಮದುವೆಗೆ ತೋಟದ ಸಾಹುಕಾರರು ಕೊಟ್ಟಿದ್ದು. "ಬೆಲೆಬಾಳೋ ವಾಚು, ಎಲ್ಲಾದ್ರೂ ಬಿಸಾಕ್ಬೇಡ" ಅಂದರು. ಫೋಟೊ ನೋಡಿದ ನನ್ನ ತಮ್ಮ "ಲಕ್ಷ ಬರುತ್ತೆ" ಅಂದ. ಅಂಗಡಿಯವರೊಬ್ಬರು "ಐನೂರು ಕೊಡ್ತೀನಿ" ಅಂದರು. ಇಷ್ಟು ಅಂತರ ಯಾಕೆ ಅಂತ ಹುಡುಕಿಕೊಂಡು ಹೊರಟಾಗ ತಿಳಿದದ್ದು ಇಲ್ಲಿದೆ. ಇಂಥದ್ದೊಂದು ವಾಚು ನಿಮ್ಮ ಮನೆಯ ಬೀರುವಿನಲ್ಲೂ ಇರಬಹುದು.

ಮೊದಲು ಲಕ್ಷದ ಮಾತು ಬಿಡಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರು ಮಾಡಿದ್ದು 1961ರಲ್ಲಿ. ಮುಂದೆ ತುಮಕೂರು, ಶ್ರೀನಗರ, ರಾಣಿಬಾಗ್‌ನಲ್ಲೂ ಕಾರ್ಖಾನೆಗಳಾದವು. ತಯಾರಾದ ವಾಚುಗಳ ಲೆಕ್ಕ ಕೋಟಿಗಳಲ್ಲಿದೆ. ಜನತಾ ಅಂತೂ ಹೆಸರೇ ಹೇಳುವ ಹಾಗೆ ಎಲ್ಲರ ಕೈಯಲ್ಲೂ ಇದ್ದದ್ದು. ಅಪರೂಪ ಅಲ್ಲದ್ದಕ್ಕೆ ಲಕ್ಷ ಯಾರು ಕೊಡ್ತಾರೆ? ಆರಂಭದ ದಿನಗಳ, ಡಯಲ್ ಮೇಲೆ ಸಿಟಿಜನ್ ಹೆಸರೂ ಇರುವ ವಾಚು ಸಿಕ್ಕರೆ ಮಾತು ಬೇರೆ. ಸಂಗ್ರಹಕಾರರು ಅದನ್ನೇ ಹುಡುಕುತ್ತಿರುತ್ತಾರೆ.

ಇನ್ನು ನಕಲಿಯ ವಿಷಯ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ ಹಳೇ ವಾಚುಗಳ ಮೇಲೆ ಜನರಿಗೆ ಎಲ್ಲಿಲ್ಲದ ಪ್ರೀತಿ ಬಂತು, ಜೊತೆಗೇ ಹೊಸದಾಗಿ ಅಚ್ಚು ಹಾಕಿದ ಡಯಲ್‌ಗಳೂ ಬಂದವು. ಒಳಗಿನ ಮಷೀನು ಹಳೇದೇ, ಅಸಲಿಯೇ. ಆದರೆ ಡಯಲ್, ಮುಳ್ಳು, ಕೇಸು ಎಲ್ಲಾ ಬೇರೆ ಬೇರೆ ಕಡೆಯದ್ದು. ಫ್ಲೋರೊಸೆಂಟ್ ಹಸಿರು, ಕಿತ್ತಳೆ ಬಣ್ಣದ 'ಪೈಲಟ್' ಕಂಡರೆ ಅನುಮಾನಪಡಿ. ಕೀ ಕೊಡುವ ವಾಚಿನ ಮುಖದ ಮೇಲೆ 'ಆಟೊಮ್ಯಾಟಿಕ್' ಅಂತ ಬರೆದಿದ್ದರೆ ಅನುಮಾನವೂ ಬೇಡ, ವಾಪಸ್ ಕೊಟ್ಟುಬಿಡಿ.

ಹಾಗಾಗಿ ಡಯಲ್ ಮೇಲಿನ ಹೆಸರನ್ನು ಕೊನೆಗೆ ಓದಬೇಕು. ಭೂತಗನ್ನಡಿ ಹಿಡಿದು ಮೊದಲು ಅಕ್ಷರದ ಅಂಚು ನೋಡಿ. ಕಾರ್ಖಾನೆಯ ಅಚ್ಚು ಚೂಪಾಗಿರುತ್ತದೆ, ಮರು-ಅಚ್ಚಿನದ್ದು ಸಾಮಾನ್ಯವಾಗಿ ಹರಡಿಕೊಂಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂರುತ್ತವಾ ನೋಡಿ. ಐವತ್ತು ವರ್ಷದ ಕೇಸು ಸವೆದು ಗೀರಾಗಿದ್ದು, ಡಯಲ್ ಮಾತ್ರ ನಿನ್ನೆ ಬಂದ ಹಾಗೆ ಫಳಫಳ ಅಂದರೆ ಅದು ಬದಲಾದ ಡಯಲ್ಲೇ ಇರಬೇಕು. ಹಿಂದಿನ ಮುಚ್ಚಳದಲ್ಲಿ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತಿದ್ದರೆ ಮುಚ್ಚಳ ಮಾತ್ರ ಸ್ಟೀಲು, ಉಳಿದದ್ದು ಲೇಪನ ಹಾಕಿದ ಲೋಹ ಅಂತ ಅರ್ಥ. '17 ಜ್ಯುವೆಲ್ಸ್' ನೋಡಿ ರತ್ನ ಇದೆ ಅಂದುಕೊಳ್ಳುವವರೂ ಇದ್ದಾರೆ. ಚಕ್ರಗಳ ಅಚ್ಚು ಸವೆಯದಿರಲಿ ಅಂತ ಕೂರಿಸಿದ ಕೃತಕ ಮಾಣಿಕ್ಯದ ಚೂರುಗಳು ಅವು, ಅವಕ್ಕೆ ಬೇರೆ ಬೆಲೆ ಇಲ್ಲ.

ಮುಚ್ಚಳವನ್ನು ಮನೆಯಲ್ಲಿ ಚಾಕು ಹಾಕಿ ಮೀಟಬೇಡಿ. ರಿಪೇರಿಯವರ ಹತ್ತಿರ ತೆಗೆಸಿ, ಪಕ್ಕದಲ್ಲೇ ನಿಂತು ನೋಡಿ. ಜನತಾ, ಪೈಲಟ್‌ಗಳಲ್ಲಿ ಇರಬೇಕಾದದ್ದು 0231 ಅನ್ನುವ ಮಷೀನು.

ಕೊಡಗಿನವರಿಗೆ ಇನ್ನೊಂದು ಮಾತು. ಇಲ್ಲಿ ಮಿಲಿಟರಿ ಮನೆಗಳು ಜಾಸ್ತಿ, ಎರಡನೇ ಮಹಾಯುದ್ಧದ ಕಾಲದ ಸ್ವಿಸ್ ವಾಚುಗಳೂ ಅಲ್ಲಲ್ಲಿ ಸಿಗಬಹುದು. ಹಿಂದೆ ಬಾಣದ ಗುರುತು, ಅದರ ಜೊತೆ ಮೂರು 'ಡಬ್ಲ್ಯು' ಅಕ್ಷರ ಇದ್ದರೆ ಅದು 1945ರ ಸುಮಾರಿಗೆ ಬ್ರಿಟಿಷ್ ಸೇನೆಗಾಗಿ ಹನ್ನೆರಡು ಸ್ವಿಸ್ ಕಂಪನಿಗಳು ಮಾಡಿಕೊಟ್ಟ ವಾಚುಗಳಲ್ಲೊಂದು. ಅದನ್ನು ಸಾವಿರಕ್ಕೆ ಮಾರಿಬಿಡಬೇಡಿ. ಆದರೆ ಆ ಕಾಲದ, ಕತ್ತಲಲ್ಲಿ ಹೊಳೆಯುವ ಅಂಕಿಗಳಲ್ಲಿ ರೇಡಿಯಂ ಇರುತ್ತಿತ್ತು. ಹೊಳಪು ನಿಂತರೂ ವಿಕಿರಣ ನಿಲ್ಲುವುದಿಲ್ಲ, ರೇಡಿಯಂ ಅರ್ಧ ಕರಗೋದಕ್ಕೇ 1,600 ವರ್ಷ ಬೇಕು. ಗಾಜು ತೆಗೆದು ಕೆರೆಯುವ ಕೆಲಸ ಮಾತ್ರ ಬೇಡ.

ಬೆಲೆಗೆ ಬರೋಣ. ಆನ್‌ಲೈನ್‌ನಲ್ಲಿ ಕೇಳುವ ಬೆಲೆ ನೋಡಿ ಕನಸು ಕಾಣಬೇಡಿ, ಎಷ್ಟಕ್ಕೆ ನಿಜವಾಗಿ ಮಾರಾಟ ಆಯಿತು ಅನ್ನೋದನ್ನು ನೋಡಿ. ಅಸಲಿ ಡಯಲ್ ಇದ್ದು ನಡೆಯುತ್ತಿರುವ ಸಾಮಾನ್ಯ ಜನತಾಕ್ಕೆ ಕೆಲವು ಸಾವಿರ ರೂಪಾಯಿ ಸಿಕ್ಕೀತು. ಡಯಲ್ ಬದಲಾಗಿದ್ದರೆ ಸಂಗ್ರಹಕಾರರು ಕೈ ಹಾಕುವುದಿಲ್ಲ. ನನ್ನ ವಾಚಿಗೆ ನಾಲ್ಕರ ಅಂಕಿಯ ಪಕ್ಕ ಕೊಡಗಿನ ಮಳೆಗಾಲದ ಕಂದು ಕಲೆ ಇದೆ, ಸೆಕೆಂಡಿನ ಮುಳ್ಳು ಬೇರೆಯದ್ದು. "ಹೊಸ ಡಯಲ್ ಹಾಕಿಬಿಡ್ಲಾ ಸಾರ್?" ಅಂತ ಒಬ್ಬರು ಕೇಳಿದ್ದರು. ನಾನು ಹೂಂ ಅನ್ನುವುದರಲ್ಲಿದ್ದೆ. ಅಂದಿದ್ದರೆ ಇದ್ದಬದ್ದ ಬೆಲೆಯನ್ನೂ ದುಡ್ಡು ಕೊಟ್ಟು ಕಳೆದುಕೊಳ್ಳುತ್ತಿದ್ದೆ.

ಕೊನೆಗೆ ಮಡಿಕೇರಿಯಲ್ಲಿ ವಯಸ್ಸಾದ ರಿಪೇರಿಯವರೊಬ್ಬರು ಮುಚ್ಚಳ ತೆಗೆದರು. ಮಷೀನು 0231. ಮುಚ್ಚಳದ ಒಳಮೈಯಲ್ಲಿ ಸೂಜಿಯಲ್ಲಿ ಗೀಚಿದ ಸಣ್ಣ ಅಂಕಿಗಳಿದ್ದವು. ಸರ್ವಿಸ್ ಮಾಡಿದವರು ತಾರೀಕು ಗೀಚಿಡುವುದು ಹಳೇ ಪದ್ಧತಿ. ಅವರು ಮಸೂರ ಸರಿಮಾಡಿಕೊಂಡು ಕೇಳಿದರು, "ಮದುವೆ 79 ಅಂದ್ರಲ್ಲಾ ಸಾರ್? ಇದು 76ರಲ್ಲೇ ಒಂದ್ಸಲ ಸರ್ವಿಸ್ ಆಗಿದೆ."

ಅಂದರೆ, ಒಂದೋ ಮುಚ್ಚಳ ಬೇರೆ ವಾಚಿನದ್ದು, ಇಲ್ಲವೇ ಸಾಹುಕಾರರು ಕೊಟ್ಟಿದ್ದೇ ಸೆಕೆಂಡ್ ಹ್ಯಾಂಡು. ದೊಡ್ಡಪ್ಪನಿಗೆ ಹೇಳುವುದೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಹೇಳಿದಾಗ ನಕ್ಕರು.

"ಗೊತ್ತು ಮಗಾ. ಧಾರೆ ಹೊತ್ತಿಗೆ ಅವರ ಕೈಯಿಂದ್ಲೇ ಬಿಚ್ಚಿ ನನ್ನ ಕೈಗೆ ಕಟ್ಟಿದ್ದು. ಆಗ ಅಂಗಡೀಲಿ ಕೇಳಿದ ಕೂಡ್ಲೇ ಎಚ್‌ಎಂಟಿ ಎಲ್ಲಿ ಸಿಗ್ತಿತ್ತು?"

ಕಂದು ಕಲೆ ಹಾಗೇ ಇದೆ. ಎಣ್ಣೆ ಹಾಕಿಸಿದ್ದೇನೆ. ಜೂನ್‌ನಿಂದ ಕಕ್ಕಡ ಮುಗಿಯುವವರೆಗೆ ಕಟ್ಟಬೇಡಿ ಅಂದಿದ್ದಾರೆ ರಿಪೇರಿಯವರು.