ರೇಸಿಂಗ್ ಸೀಟು ಮನೆಯ ಕಾರಿಗೆ ತಕ್ಕದ್ದೇ?

ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ವ್ಯಾಪಾರಿ ಮನೆತನಗಳಲ್ಲಿ ಅಂಗಡಿಗೂ ಬಸದಿಗೂ ಕಾರು ಒಂದೇ. ವಾರವೆಲ್ಲ ವಸೂಲಿಗೆ ಓಡಾಡಿದ ಗಾಡಿಯಲ್ಲೇ ಭಾನುವಾರ ಅಜ್ಜಿ, ಮೊಮ್ಮಕ್ಕಳು ಶ್ರವಣಬೆಳಗೊಳಕ್ಕೆ ಹೊರಡುತ್ತಾರೆ. ಈಚೆಗೆ ಕೆಲವು ಯುವಕರು ಅದೇ ಕಾರಿಗೆ ರೇಸಿಂಗ್ ಸೀಟು ಮತ್ತು ಎರಡು ಭುಜಕ್ಕೂ ಬಿಗಿಯುವ ಹಾರ್ನೆಸ್ ಪಟ್ಟಿ ಹಾಕಿಸಬೇಕೆಂದು ಹಟ ಹಿಡಿಯುತ್ತಿದ್ದಾರೆ. "ಅಪ್ಪಾಜಿ, ಇದು ಇನ್ನೂ ಭದ್ರ" ಎಂಬುದು ಅವರ ವಾದ. ಹಿರಿಯರು ಬೆಲೆಯನ್ನಷ್ಟೇ ವಿಚಾರಿಸುತ್ತಾರೆ.

ಮೊದಲು ಕಾನೂನಿನ ಮಾತು. ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ನಿಯಮ ಒಪ್ಪದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಹಾರ್ನೆಸ್ ಕಟ್ಟುವ ಕಂಬಿಗಾಗಿ ಹಿಂದಿನ ಸೀಟನ್ನು ಕಿತ್ತರೆ ಪತ್ರದಲ್ಲಿರುವ ಆಸನಗಳ ಲೆಕ್ಕವೇ ತಪ್ಪುತ್ತದೆ. ಬೆಲ್ಟು ನಿಗದಿತ ಮಾನಕದ್ದೇ ಆಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 125ನೇ ನಿಯಮವಿದೆ. ಪಟ್ಟಿಯ ಮೇಲೆ ಎಫ್‌ಐಎ ಮುದ್ರೆ ಇದೆಯೆಂದು ಅಂಗಡಿಯವರು ತೋರಿಸಬಹುದು. ಅದು ರೇಸಿನ ಮೈದಾನಕ್ಕೆ ಕೊಟ್ಟ ಒಪ್ಪಿಗೆ, ನಮ್ಮ ರಸ್ತೆಗಲ್ಲ.

ದಂಡಕ್ಕಿಂತ ದೊಡ್ಡ ವಿಷಯ ಪ್ರಾಣದ್ದು. ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈ ಮೈದಾನದಲ್ಲಿ ಹಾರ್ನೆಸ್ ಕಟ್ಟಿದ ಚಾಲಕನ ತಲೆಗೆ ಹೆಲ್ಮೆಟ್, ಕುತ್ತಿಗೆಗೆ ರಕ್ಷಾಕವಚ, ಸುತ್ತ ಉಕ್ಕಿನ ಪಂಜರ ಇರುತ್ತವೆ. ಇವೆಲ್ಲ ಸೇರಿಯೇ ರಕ್ಷಣೆ. ಮನೆಯ ಕಾರಿನಲ್ಲಿ ಹಾರ್ನೆಸ್ ಮಾತ್ರ ಇದ್ದು ಗಾಡಿ ಡಿಕ್ಕಿಯಾದರೆ ಎದೆ ಅಲ್ಲೇ ನಿಲ್ಲುತ್ತದೆ, ತಲೆ ಮುಂದಕ್ಕೆ ಎಗರುತ್ತದೆ, ಪೆಟ್ಟೆಲ್ಲ ಕುತ್ತಿಗೆಗೆ. ಗಾಡಿ ಉರುಳಿ ಛಾವಣಿ ಕುಸಿದರೆ ಮಾಮೂಲಿ ಬೆಲ್ಟಿನವನ ಮೈ ಪಕ್ಕಕ್ಕೆ ವಾಲಬಲ್ಲದು. ಎರಡೂ ಭುಜ ಬಿಗಿದವನು ನೆಟ್ಟಗೆ ಕುಳಿತೇ ಇರುತ್ತಾನೆ. ತೊಡೆಗಳ ನಡುವಿನ ಪಟ್ಟಿಯಿಲ್ಲದ ಅಗ್ಗದ ನಾಲ್ಕು ಪಟ್ಟಿಯದಾದರೆ ಸೊಂಟದ ಪಟ್ಟಿ ಮೇಲೆ ಸರಿದು ಹೊಟ್ಟೆಗೆ ಒತ್ತುತ್ತದೆ. ಇನ್ನು ಅನೇಕ ಕಾರುಗಳಲ್ಲಿ ಪಕ್ಕದ ಗಾಳಿಚೀಲ ಸೀಟಿನ ಒಳಗೇ ಇರುತ್ತದೆ. ಸೀಟು ಬದಲಾದರೆ ಅದೂ ಹೋಯಿತು.

ಈ ಸೀಟುಗಳ ಹೊದಿಕೆ ಹೆಚ್ಚಾಗಿ ಬಟ್ಟೆಯದು, ಚರ್ಮದ್ದಲ್ಲ. ಆ ಮಟ್ಟಿಗೆ ನಮ್ಮವರಿಗೆ ಸಮಾಧಾನವಿರಬಹುದು. ಆದರೆ ಎತ್ತರದ ಅಂಚು ದಾಟಿ ಮಂಡಿನೋವಿನ ಅಜ್ಜಿ ಮುಂದಿನ ಸೀಟಿಗೆ ಹೇಗೆ ಹತ್ತಬೇಕು? ಪ್ರಮಾದದಿಂದ ಆಗುವ ಹಿಂಸೆಯನ್ನು ದಿನವೂ ನೆನೆಯುವ ಶ್ರಾವಕರ ಮನೆಯಲ್ಲಿ ಇಷ್ಟನ್ನಾದರೂ ಯೋಚಿಸಬೇಕೆಂದು ನಮಗೆ ಅನಿಸುತ್ತದೆ.

ರೇಸಿನ ಆಸೆ ತಪ್ಪಲ್ಲ. ಅದಕ್ಕೆ ಹೊಸೂರಿನಿಂದ ನಾಲ್ಕೈದು ಗಂಟೆಯ ದಾರಿಯಲ್ಲಿ ಆ ಮೈದಾನವೇ ಇದೆ. ಈಗಾಗಲೇ ಸೀಟು ಬದಲಿಸಿದವರು ಹಳೆಯ ಸೀಟು, ಬೆಲ್ಟುಗಳನ್ನು ಗುಜರಿಗೆ ಹಾಕದೆ ಇಟ್ಟಿದ್ದರೆ ಕಂಪನಿಯ ವರ್ಕ್‌ಶಾಪಿನಲ್ಲೇ ಮರಳಿ ಕೂರಿಸಿಕೊಳ್ಳಲಿ. ಗಾಳಿಚೀಲದ ವೈರು ಸರಿಯಾಗಿ ಸೇರಿದೆಯೇ, ಎಚ್ಚರಿಕೆಯ ದೀಪ ಆರಿದೆಯೇ ಎಂದು ಅಲ್ಲೇ ನಿಂತು ನೋಡಿಕೊಂಡು ಬರಲಿ.