ದಿನೆ ಜನರ ಮರುಭೂಮಿಯಲ್ಲಿ ಒಂದು ರಾತ್ರಿ

ಅಮೇರಿಕೆಯ ಆರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿರುವ ಮಾನ್ಯುಮೆಂಟ್ ವ್ಯಾಲಿಯನ್ನು ಬೆಳ್ಳಿತೆರೆಯ ಮೇಲೆ ಕಾಣದವರು ವಿರಳ. ಜಾನ್ ಫೋರ್ಡ್ ನಿರ್ದೇಶಿಸಿದ ‘ಸ್ಟೇಜ್‌ಕೋಚ್’ 1939ರಲ್ಲಿ ತೆರೆಕಂಡಂದಿನಿಂದ ಅಲ್ಲಿಯ ಕೆಂಪು ಮರಳುಗಲ್ಲಿನ ಮಹಾಸ್ತಂಭಗಳು ಜಗದ್ವಿಖ್ಯಾತವಾದುವು. ಆ ಚಿತ್ರದಲ್ಲಿ ಅಪಾಚೆಗಳ ವೇಷ ಧರಿಸಿ ಕುದುರೆಗಳಿಂದ ಉರುಳಿದವರು ಆ ನೆಲದ ಒಡೆಯರಾದ ನವಾಹೊ ಜನರೇ ಎಂಬುದು ಮಾತ್ರ ಅಷ್ಟಾಗಿ ವಿದಿತವಲ್ಲ. ತಮ್ಮ ನುಡಿಯಲ್ಲಿ ಅವರು ತಮ್ಮನ್ನು ‘ದಿನೆ’, ಅಂದರೆ ‘ಜನರು’, ಎಂದು ಕರೆದುಕೊಳ್ಳುತ್ತಾರೆ. ಕೊಲಂಬಸನು ದಿಕ್ಕು ತಪ್ಪಿ ಇತ್ತ ‘ಇಂಡಿಯನ್’ ಎಂಬ ಹೆಸರನ್ನು ಹೊತ್ತವರನ್ನು ನಿಜವಾದ ಇಂಡಿಯನ್ನರು ಅತಿಥಿಗಳಾಗಿ ಸಂಧಿಸುವುದೂ ಒಂದು ವಿನೋದವೇ ಸರಿ.

ನವಾಹೊ ನೇಷನ್ನಿನ ವಿಸ್ತಾರ ಸುಮಾರು 70,000 ಚದರ ಕಿಲೋಮೀಟರು, ಕರ್ನಾಟಕದ ಮೂರನೆಯ ಒಂದಂಶಕ್ಕಿಂತ ಮಿಗಿಲು. ಕಣಿವೆಯು 1958ರಿಂದ ಅವರದೇ ಉದ್ಯಾನ. ಹದಿನೇಳು ಮೈಲಿಯ ಮಣ್ಣುದಾರಿಯ ಆಚೆಗೆ ನವಾಹೊ ಮಾರ್ಗದರ್ಶಿಯಿಲ್ಲದೆ ಯಾರೂ ಹೋಗುವಂತಿಲ್ಲ. ಇದನ್ನು ಬರಿಯ ಆದಾಯದ ಉಪಾಯವೆಂದು ಭಾವಿಸಲಾಗದು. 1997ರ ಆಗಸ್ಟ್ 12ರಂದು, ಇದೇ ನವಾಹೊ ಸೀಮೆಯ ಆಂಟಿಲೋಪ್ ಕಂದರದಲ್ಲಿ, ಮೈಲಿಗಳಾಚೆ ಸುರಿದ ಮಳೆಯ ನೀರು ಹಠಾತ್ತನೆ ನುಗ್ಗಿ ಹನ್ನೊಂದು ಮಂದಿ ಪ್ರವಾಸಿಗರು ಅಸುನೀಗಿದರು. ಮರುಭೂಮಿಯಲ್ಲಿ ಪ್ರವಾಹಕ್ಕೂ ಅಂಜಬೇಕೆಂಬುದನ್ನು ಹೊರಗಿನವರು ಬಲ್ಲರೆ?

ಸಂಜೆಯ ಹೊತ್ತಿಗೆ ಅತಿಥಿಗಳು ಬಂಡೆಗಳ ಮರೆಯಲ್ಲಿ ಬೀಡುಬಿಡುತ್ತಾರೆ. ಐದು ಸಾವಿರ ಅಡಿಗೂ ಮಿಕ್ಕ ಎತ್ತರ, ಗಾಳಿ ಶುಷ್ಕ. ಬೆವರು ಮೂಡಿದೊಡನೆ ಆರಿಹೋಗುವುದರಿಂದ ಮುಂಬಯಿ ಮದರಾಸುಗಳ ಸೆಕೆಗೆ ಒಗ್ಗಿದವರು ಬೆವರುತ್ತಲೇ ಇಲ್ಲವೆಂದು ಭ್ರಮಿಸಿ ನೀರು ಕುಡಿಯುವುದನ್ನು ಮರೆಯುತ್ತಾರೆ. ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಮಾತ್ರೆ ಸೇವಿಸುವ ಹಿರಿಯರು ವೈದ್ಯರನ್ನು ವಿಚಾರಿಸಿಯೇ ಹೊರಡುವುದು ಒಳಿತು. ಗಾಳಿಯಲ್ಲಿ ತೇವವಿಲ್ಲದ ಕಾರಣ ನೆಲದ ಕಾವು ರಾತ್ರಿ ತಡೆಯಿಲ್ಲದೆ ಆಗಸಕ್ಕೇರಿಬಿಡುತ್ತದೆ. ಬೇಸಗೆಯಲ್ಲೂ ಕಂಬಳಿ ಬೇಕು. ಪಾಳುಬಿದ್ದ ಗುಡಿಸಲಲ್ಲಿ ಮಾತ್ರ ಮಲಗಬಾರದು. 1993ರಲ್ಲಿ ಈ ಪ್ರದೇಶದಲ್ಲಿ ಗುರುತಿಸಲ್ಪಟ್ಟ ಮಾರಕ ಹಂಟಾವೈರಸ್ ಇಲಿಯ ಹಿಕ್ಕೆಯ ಧೂಳಿನಿಂದ ಶ್ವಾಸಕೋಶವನ್ನು ಸೇರುತ್ತದೆ.

ಊಟದಲ್ಲಿ ಕರಿದ ರೊಟ್ಟಿಯುಂಟು. ಅದರ ಹಿಂದೊಂದು ಶೋಕಗಾಥೆ. 1864ರಲ್ಲಿ ಅಮೇರಿಕನ್ ಸೈನ್ಯವು ಸಾವಿರಾರು ನವಾಹೊಗಳನ್ನು ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಬಾಸ್ಕೆ ರೆಡಾಂಡೊಗೆ ಅಟ್ಟಿತು. ಅಲ್ಲಿ ಪಡಿಯಾಗಿ ದೊರೆತ ಹಿಟ್ಟು, ಕೊಬ್ಬುಗಳಿಂದ ಹುಟ್ಟಿದ್ದು ಈ ರೊಟ್ಟಿ ಎನ್ನುತ್ತಾರೆ. (ಕೊಬ್ಬು ಹಂದಿಯದಾಗಿರಬಹುದು, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು.) ಸಿಹಿಮೂತ್ರರೋಗ ಇಂದು ಆ ಜನರನ್ನು ಬಹುವಾಗಿ ಬಾಧಿಸುತ್ತಿದೆ. 2014ರಲ್ಲಿ ನವಾಹೊ ಶಾಸನಸಭೆಯು ಪೌಷ್ಟಿಕತೆಯಿಲ್ಲದ ತಿನಿಸುಗಳ ಮೇಲೆ ಶೇಕಡಾ 2ರ ಹೆಚ್ಚುವರಿ ತೆರಿಗೆಯನ್ನೇ ವಿಧಿಸಿತು.

ಅವರ ಹಳೆಯ ಆಹಾರ ಬೇರೆಯೇ. ನೀಲಿ ಮೆಕ್ಕೆಜೋಳದ ಅಂಬಲಿಗೆ ಜೂನಿಪರ್ ಎಲೆಗಳ ಬೂದಿಯನ್ನು ಬೆರೆಸುತ್ತಾರೆ. ಹಾಲಿನ ಬಳಕೆ ಕಡಿಮೆಯಿದ್ದ ಜನಕ್ಕೆ ಸುಣ್ಣದಂಶ ಈ ಬೂದಿಯಿಂದ ಒದಗುತ್ತಿತ್ತು. ಮೆಕ್ಕೆಜೋಳದಲ್ಲಿ ಬಂಧಿತವಾಗಿರುವ ನಿಯಾಸಿನ್ ಜೀವಸತ್ವವನ್ನು ಬಿಡಿಸುವುದೂ ಕ್ಷಾರವೇ. ಅದರ ಕೊರತೆಯಿಂದ ಬರುವ ಪೆಲಾಗ್ರಾ ರೋಗವನ್ನು ಹೈದರಾಬಾದಿನಲ್ಲಿ ಜೋಳವುಣ್ಣುವ ಬಡವರಲ್ಲಿ ಡಾ. ಸಿ. ಗೋಪಾಲನ್ ಅಭ್ಯಸಿಸಿದ್ದನ್ನು ಇಲ್ಲಿ ನೆನೆಯಬಹುದು.

ಬೆಂಕಿಯ ಸುತ್ತ ಕುಳಿತವರು ಕಥೆ ಹೇಳೆಂದು ಕಾಡುವುದುಂಟು. ನಕ್ಷತ್ರಗಳನ್ನು ಆಗಸಕ್ಕೆ ಎರಚಿದ ಕಯೋಟಿಯ, ಅಂದರೆ ತೋಳದ ಕುಲಕ್ಕೆ ಸೇರಿದ ಅಲ್ಲಿಯ ಪ್ರಾಣಿಯ, ಕಥೆ ಪ್ರಸಿದ್ಧ. ಆದರೆ ಸಂಪ್ರದಾಯವರಿತವರು ಅದನ್ನು ಬೇಸಗೆಯಲ್ಲಿ ಹೇಳರು. ಹಾವುಗಳು ಬಿಲ ಸೇರಿರುವ ಚಳಿಗಾಲಕ್ಕೇ ಅದು ಮೀಸಲು. ಹಣ ತೆತ್ತ ಮಾತ್ರಕ್ಕೆ ಎಲ್ಲವೂ ದೊರೆಯುವುದಿಲ್ಲವೆಂಬುದು ಮೆಚ್ಚತಕ್ಕ ಸಂಗತಿಯೇ. ಅವರ ಮನೆಯಾದ ‘ಹೋಗನ್’ನ ಬಾಗಿಲು ಪೂರ್ವಕ್ಕೆ, ಒಳಹೊಕ್ಕವರು ಸೂರ್ಯನ ಗತಿಯಂತೆ, ನಮ್ಮ ಪ್ರದಕ್ಷಿಣೆಯಂತೆಯೇ, ಎಡದಿಂದ ಸುತ್ತಿ ಬರಬೇಕು. ಮದ್ಯ ಅಲ್ಲಿ ನಿಷಿದ್ಧ.

ಬೀಡಿನಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ನೀರು. ನವಾಹೊ ಸೀಮೆಯ ಮನೆಗಳ ಪೈಕಿ ಸುಮಾರು ಶೇಕಡಾ 30ಕ್ಕೆ ಕೊಳಾಯಿ ಇಲ್ಲ. ದೂರದಿಂದ ಪೀಪಾಯಿಗಳಲ್ಲಿ ಹೊತ್ತು ತರಬೇಕು. ಹತ್ತಿರದ ಬಾವಿಗಳನ್ನೆಲ್ಲ ನಂಬುವಂತಿಲ್ಲ. 1944ರಿಂದ 1986ರವರೆಗೆ ಆ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರನ್ನು ತೆಗೆದರು. ಐನೂರಕ್ಕೂ ಮಿಕ್ಕಿ ಗಣಿಗಳನ್ನು ಹಾಗೆಯೇ ತೊರೆದರು. ಕೆಲವು ಬಾವಿಗಳಲ್ಲಿ ಯುರೇನಿಯಂ, ಆರ್ಸೆನಿಕ್‌ಗಳುಂಟು. ಕೈತೊಳೆಯಲು ನೀರಿಲ್ಲದ ಮನೆಗಳ ಆ ನಾಡು 2020ರ ಮೇ ತಿಂಗಳಲ್ಲಿ, ಜನಸಂಖ್ಯೆಯ ಪ್ರಮಾಣದಲ್ಲಿ, ಕೋವಿಡ್ ಸೋಂಕಿಗೆ ಅಮೇರಿಕೆಯಲ್ಲೇ ಅಗ್ರಸ್ಥಾನಕ್ಕೇರಿತ್ತು.

1868ರ ಒಪ್ಪಂದದಲ್ಲಿ ಮರಳಿ ನೆಲ ದೊರೆಯಿತು, 15,000 ಕುರಿಮೇಕೆಗಳ ವಾಗ್ದಾನವೂ ದೊರೆಯಿತು. ನೀರಿನ ಮಾತನ್ನು ಅದರಲ್ಲಿ ಬಿಡಿಸಿ ಬರೆದಿರಲಿಲ್ಲ. ಆ ಒಪ್ಪಂದದ ಪ್ರಕಾರ ನೀರು ಒದಗಿಸಿಕೊಡಲು ಸರ್ಕಾರ ಕ್ರಮ ಕೈಗೊಳ್ಳಬೇಕಾಗಿಲ್ಲವೆಂದು 2023ರ ಜೂನ್ 22ರಂದು ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು ಐವರು ಹೌದೆಂದು ನಾಲ್ವರು ಅಲ್ಲವೆಂದು ತೀರ್ಪಿತ್ತಿತು. ಬೆಳಗ್ಗೆ ಬಿಸಿ ಕಾಫಿಯ ಬಟ್ಟಲು ಹಿಡಿದು, ಬಂಡೆಗಳ ನೆತ್ತಿ ಕೆಂಪೇರುವುದನ್ನು ನೋಡುತ್ತಿರುವ ಅತಿಥಿಗೆ, ಆ ಕಾಫಿಯ ನೀರು ಎಷ್ಟು ಮೈಲಿ ಪಯಣಿಸಿ ಬಂದಿದೆಯೆಂದು ಮಾರ್ಗದರ್ಶಿ ಸಾಮಾನ್ಯವಾಗಿ ತಾನಾಗಿ ಹೇಳುವುದಿಲ್ಲ, ಕೇಳಬೇಕು.