ನೂರು ಕೋಟಿ ಸೆಕೆಂಡು, ಅರ್ಧ ಸೆಕೆಂಡು

ಐಸ್ ಹಾಕಿಯಲ್ಲಿ ತಪ್ಪು ಮಾಡಿದ ಆಟಗಾರನನ್ನು ಅಂಗಳದ ಬದಿಯಲ್ಲಿ ಕಟಕಟೆಯಂಥ ಗೂಡಿನೊಳಗೆ ಕೂರಿಸುತ್ತಾರೆ. ಕೆನಡಾದ ಟೈಗರ್ ವಿಲಿಯಮ್ಸ್ ಎಂಬ ಹೆಸರಾಂತ ಜಗಳಗಂಟ 14 ಹಂಗಾಮುಗಳಲ್ಲಿ ಗಿಟ್ಟಿಸಿದ ಶಿಕ್ಷೆಯನ್ನೆಲ್ಲ ಕೂಡಿದರೆ 3,900 ನಿಮಿಷ ದಾಟುತ್ತದೆ. ಅಂದರೆ ಎರಡು ಹಗಲು, ಎರಡು ರಾತ್ರಿ, ಮೇಲೆ 17 ಗಂಟೆ! ಅವನಾದರೂ ಹೊಡೆದಾಡಿ ಹೊರಗೆ ಕೂತವನು. ನಮ್ಮ ಹುಲ್ಲಿನ ಹಾಕಿಯಲ್ಲಿ ಚಿನ್ನ ಗೆದ್ದವರೂ ಹೊರಗೆ ಕೂತಿದ್ದಾರೆ. ಆ ಲೆಕ್ಕ ಇನ್ನೂ ವಿಚಿತ್ರ.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು. ಎರಡು ವರ್ಷ ಕಳೆದು ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲೂ ಭಾರತಕ್ಕೆ ಚಿನ್ನ. ಆಗಿನ್ನೂ ಅದೇ ಬೆಳಗಾವಿ ಜಿಲ್ಲೆಯ ನವಿಲುತೀರ್ಥದ ಅಣೆಕಟ್ಟೆ ಮುಗಿದಿರಲಿಲ್ಲ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಮಲಪ್ರಭೆ ತನ್ನ ಪಾಡಿಗೆ ಹರಿಯುತ್ತಿದ್ದಳು. ಕಟ್ಟೆ ಎದ್ದಿತು, ಸುಮಾರು 37 ಟಿಎಂಸಿ ನೀರು ಹಿಡಿಯುವ ರೇಣುಕಾ ಸಾಗರ ತುಂಬಿತು, ಬರಿದಾಯಿತು, ಮತ್ತೆ ತುಂಬಿತು. ಏಷ್ಯನ್ ಚಿನ್ನ ಮಾತ್ರ ಮರಳಲಿಲ್ಲ. ನಡುವೆ ಏಳು ಕೂಟಗಳು ಸಂದವು: ಆರು ಬೆಳ್ಳಿ, ಒಂದು ಕಂಚು. 1982ರಲ್ಲಿ ದಿಲ್ಲಿಯಲ್ಲೇ, ಪಾಕಿಸ್ತಾನದೆದುರು 1-7ರ ಸೋಲು. ಅದನ್ನು ನೆನೆದರೆ ಹಳಬರು ಇಂದಿಗೂ ಮುಖ ಕಿವುಚುತ್ತಾರೆ.

1998ರ ಡಿಸೆಂಬರ್. ಮತ್ತದೇ ಬ್ಯಾಂಕಾಕ್. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಜೊತೆ 1-1 ಸಮ. ಪೆನಾಲ್ಟಿ ಸ್ಟ್ರೋಕ್‌ಗಳಲ್ಲೇ ತೀರ್ಮಾನವಾಗಬೇಕು. ಗೋಲಿನ ಮುಂದೆ ನಿಂತವರು ಕರ್ನಾಟಕದ ಆಶಿಶ್ ಬಲ್ಲಾಳ್.

ಗೋಲು 12 ಅಡಿ ಅಗಲ, 7 ಅಡಿ ಎತ್ತರ. 84 ಚದರ ಅಡಿ. ಒಂದು ಸಣ್ಣ ಕೋಣೆಯ ಗೋಡೆಯಷ್ಟು ಬಯಲನ್ನು ಒಬ್ಬನೇ ಕಾಯಬೇಕು. ಹೊಡೆಯುವವನು ನಿಲ್ಲುವುದು ಬರೀ 21 ಅಡಿ ದೂರದಲ್ಲಿ. ಚೆಂಡಿನ ತೂಕ 160 ಗ್ರಾಂ ಆಸುಪಾಸು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬಂದಿತೆನ್ನಿ, ಗೋಲುಗೆರೆ ಮುಟ್ಟಲು ಕಾಲು ಸೆಕೆಂಡು ಸಾಕು. ಕಣ್ಣು ಮಿಟುಕಿಸಿದರೆ ಮುಗಿಯಿತು.

ಬಲ್ಲಾಳ್ ಎರಡು ಸಲ ತಡೆದರು. ಭಾರತ 4-2ರಿಂದ ಗೆದ್ದಿತು. ಕಾದದ್ದು 32 ವರ್ಷ, ಎಂದರೆ ನೂರು ಕೋಟಿ ಸೆಕೆಂಡು. ಕೈಗೂಡಿದ್ದು ಎರಡು ಕಾಲು ಸೇರಿದ ಅರ್ಧ ಸೆಕೆಂಡಿನಲ್ಲಿ. ಗುಣಿಸಿ ನೋಡಿದಾಗ ನನಗೇ ನಂಬಿಕೆ ಬರದೆ ಕಾಗದದ ಮೇಲೆ ಇನ್ನೊಮ್ಮೆ ಹಾಕಿದೆ.

ಬಲ್ಲಾಳ್ ಭಾರತಕ್ಕೆ ಆಡಿದ ಅಂತರರಾಷ್ಟ್ರೀಯ ಪಂದ್ಯಗಳು 275. ಪ್ರತಿ ಪಂದ್ಯದ 70 ನಿಮಿಷವನ್ನೂ ಪೂರ್ತಿ ಹಿಡಿದರೂ ಒಟ್ಟು ಹದಿಮೂರೂವರೆ ದಿನ ಆಗುವುದಿಲ್ಲ. ಅಭ್ಯಾಸದಲ್ಲಿ ಬೆವರು ಸುರಿಸಿದ ಬೆಳಗುಗಳು ಯಾವ ದಾಖಲೆಯಲ್ಲೂ ಇಲ್ಲ.

ಚಿನ್ನದ ಹೊಳಪು ಮಾಸುವ ಮೊದಲೇ ನಾಯಕ ಧನರಾಜ್ ಪಿಳ್ಳೈ ಮತ್ತು ಇನ್ನಾರು ಹಿರಿಯರು ತಂಡದಿಂದ ಹೊರಗಿದ್ದರು. ಬಲ್ಲಾಳ್ ಕೂಡ ಅವರಲ್ಲೊಬ್ಬರು. ಅಧಿಕೃತ ಕಾರಣ ‘ವಿಶ್ರಾಂತಿ’. ಪಂದ್ಯದ ಭತ್ಯೆ ಕೊಡಿ, ಸೌಕರ್ಯ ಕೊಡಿ ಎಂದು ಬಾಯಿ ಬಿಟ್ಟದ್ದಕ್ಕೆ ಸಿಕ್ಕ ಶಿಕ್ಷೆ ಇದು ಎಂದೇ ಬಹಳ ಜನ ಓದಿಕೊಂಡರು. ನಾನೂ ಹಾಗೆಯೇ ಓದುತ್ತೇನೆ. ವಿಲಿಯಮ್ಸ್ ತನ್ನ ಗೂಡಿನಿಂದ ಎಷ್ಟು ನಿಮಿಷಕ್ಕೆ ಎದ್ದು ಬರಬಹುದೆಂದು ಗಡಿಯಾರವಾದರೂ ಹೇಳುತ್ತಿತ್ತು. ಈ ವಿಶ್ರಾಂತಿಗೆ ಗಡಿಯಾರ ಇರಲಿಲ್ಲ.

ಬಲ್ಲಾಳರಿಗೆ ಅರ್ಜುನ ಪ್ರಶಸ್ತಿ ಬಂದದ್ದು 2000ದಲ್ಲಿ.